ಸದ್ದು ಒಂದು ಕಡೆ, ದೋಷ ಇನ್ನೊಂದು ಕಡೆ

ಎಲ್ಲರಿಗೂ ನಮಸ್ಕಾರ. ಈ ಮಾತು ಚಿಕ್ಕ ಆಫೀಸುಗಳ ಸರ್ವರ್ ನೋಡಿಕೊಳ್ಳುವವರಿಗೆ. ದೊಡ್ಡ ಡೇಟಾ ಸೆಂಟರ್‌ಗಳಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ತಂಡ ಇರುತ್ತದೆ. ನಮ್ಮಲ್ಲಿ ಬ್ಯಾಕಪ್ಪೂ ನಾವೇ, ಪ್ರಿಂಟರ್ ರಿಪೇರಿಯೂ ನಾವೇ, ವೈಫೈ ನಿಧಾನವಾದರೆ ಬೈಸಿಕೊಳ್ಳುವವರೂ ನಾವೇ.

'ಸರ್ವರ್ ಡೌನ್ ಆಗಿದೆ' ಅಂತ ಫೋನ್ ಬರುತ್ತದೆ. ಈ ಮಾತಿನಿಂದ ಏನೂ ಗೊತ್ತಾಗುವುದಿಲ್ಲ. ಫೈಲ್ ತೆರೆಯುತ್ತಿಲ್ಲವೋ, ಲಾಗಿನ್ ಆಗುತ್ತಿಲ್ಲವೋ, ಮೇಲ್ ಹೋಗುತ್ತಿಲ್ಲವೋ ಕೇಳಿ. ಅದಕ್ಕಿಂತ ಮುಖ್ಯ, ತೊಂದರೆ ಒಬ್ಬರಿಗೋ ಎಲ್ಲರಿಗೋ ಕೇಳಿ. ಒಬ್ಬರಿಗೆ ಮಾತ್ರ ಅಂದರೆ ಸರ್ವರ್ ರೂಮಿಗೆ ಓಡುವ ಅಗತ್ಯವೇ ಇಲ್ಲ. ಅವರ ಕಂಪ್ಯೂಟರಿನ ಐಪಿ ವಿಳಾಸ 169.254 ಅಂತ ಶುರುವಾಗಿದ್ದರೆ ಅದಕ್ಕೆ ಡಿಎಚ್‌ಸಿಪಿಯಿಂದ, ಅಂದರೆ ನೆಟ್‌ವರ್ಕಿನಲ್ಲಿ ವಿಳಾಸ ಹಂಚುವ ಸೇವೆಯಿಂದ, ವಿಳಾಸ ಸಿಕ್ಕಿಲ್ಲ, ತಾನೇ ಒಂದನ್ನು ಹಾಕಿಕೊಂಡಿದೆ. ಮೊದಲು ಕೇಬಲ್ ನೋಡಿ. ಇನ್ನೊಂದು ಪ್ರಶ್ನೆ, ನಿನ್ನೆಯಿಂದ ಏನಾದರೂ ಬದಲಾಯಿಸಿದ್ದೀರಾ? 'ಇಲ್ಲ, ಏನೂ ಮಾಡಿಲ್ಲ' ಅಂತಲೇ ಉತ್ತರ ಬರುತ್ತದೆ. ಅದನ್ನು ನಂಬಬೇಡಿ, ಆದರೆ ಜಗಳವನ್ನೂ ಆಡಬೇಡಿ. ಲಾಗ್, ಅಂದರೆ ಯಂತ್ರ ತಾನೇ ಬರೆದಿಡುವ ದಿನಚರಿ, ನೋಡಿದರೆ ಗೊತ್ತಾಗುತ್ತದೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ಏನೇ ಆದರೂ ಮೊದಲು ರೀಸ್ಟಾರ್ಟ್ ಮಾಡುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ರೀಸ್ಟಾರ್ಟ್ ಮಾಡಿದರೆ ಮೆಮೊರಿ ಖಾಲಿ, ತೆರೆದಿದ್ದ ಫೈಲುಗಳು ಮುಚ್ಚಿಹೋದವು, ಸಿಕ್ಕಿಹಾಕಿಕೊಂಡಿದ್ದ ಪ್ರೋಸೆಸ್ಸೂ, ಅಂದರೆ ಓಡುತ್ತಿದ್ದ ಪ್ರೋಗ್ರಾಮೂ, ಮಾಯ. ತೊಂದರೆ ಹೋದ ಹಾಗೆ ಕಾಣುತ್ತದೆ. ನಿಜವಾಗಿ ಹೋಗಿರುವುದು ಸಾಕ್ಷಿ. ಕೆಲವು ಲಿನಕ್ಸ್ ಸರ್ವರ್‌ಗಳಲ್ಲಿ ಜರ್ನಲ್ ಲಾಗ್ ಮೆಮೊರಿಯಲ್ಲೇ ಇರುತ್ತದೆ, ಡಿಸ್ಕಿಗೆ ಬರೆಯುವ ಹಾಗೆ ಹೊಂದಿಸಿರುವುದಿಲ್ಲ. ಅಲ್ಲಿ ಒಂದು ರೀಸ್ಟಾರ್ಟ್ ಸಾಕು, ಅದೂ ಅಳಿಸಿಹೋಗುತ್ತದೆ. ಮುಂದಿನ ವಾರ ಅದೇ ಫೋನ್ ಮತ್ತೆ ಬರುತ್ತದೆ, ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಡಿಸ್ಕ್ ತುಂಬಿದ ಕತೆಯನ್ನೇ ನೋಡೋಣ. ಡಿಸ್ಕಿನಲ್ಲಿ ಎಷ್ಟು ಜಾಗ ತುಂಬಿದೆ ಅಂತ ಹೇಳುವ ಡಿಎಫ್ ಕಮಾಂಡ್ ಕೊಡುತ್ತೀರಿ, ಶೇಕಡಾ 100 ಅಂತ ತೋರಿಸುತ್ತದೆ. ಹುಡುಕಿದರೆ ದೈತ್ಯ ಗಾತ್ರದ ಒಂದು ಲಾಗ್ ಫೈಲ್ ಸಿಗುತ್ತದೆ. ಅಳಿಸುತ್ತೀರಿ. ಮತ್ತೆ ಡಿಎಫ್ ಕೊಟ್ಟರೆ ಅದೇ 100! ಇಲ್ಲಿ ತುಂಬಾ ಜನ ಗಾಬರಿಯಾಗಿ ಇನ್ನೂ ನಾಲ್ಕು ಫೈಲ್ ಅಳಿಸಿಬಿಡುತ್ತಾರೆ. ಆಗಿದ್ದೇನೆಂದರೆ, ನೀವು ಅಳಿಸಿದ್ದು ಫೈಲಿನ ಹೆಸರನ್ನು ಮಾತ್ರ. ಆ ಫೈಲಿಗೆ ಬರೆಯುತ್ತಿದ್ದ ಪ್ರೋಸೆಸ್ ಅದನ್ನು ಇನ್ನೂ ತೆರೆದಿಟ್ಟುಕೊಂಡಿದೆ. ಅದು ಬಿಡುವ ತನಕ ಜಾಗ ವಾಪಸ್ ಬರುವುದಿಲ್ಲ. ಫೈಲುಗಳ ಗಾತ್ರ ಕೂಡಿಸಿ ಡಿಯು ಕಮಾಂಡ್ ಹೇಳುವ ಲೆಕ್ಕಕ್ಕೂ ಡಿಎಫ್ ಹೇಳುವ ಲೆಕ್ಕಕ್ಕೂ ದೊಡ್ಡ ವ್ಯತ್ಯಾಸ ಕಂಡರೆ ಮೊದಲು ಇದನ್ನೇ ಅನುಮಾನಿಸಿ. ಎಲ್‌ಎಸ್‌ಒಎಫ್ ಕಮಾಂಡ್ ಯಾವ ಪ್ರೋಸೆಸ್ ಅಂತ ತೋರಿಸಿಕೊಡುತ್ತದೆ. ಆ ಒಂದು ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಸಾಕು, ಇಡೀ ಸರ್ವರ್ ಬೇಡ. ಲಾಗ್ ಫೈಲನ್ನು ಅಳಿಸುವ ಬದಲು ಅದರ ಗಾತ್ರವನ್ನು ಸೊನ್ನೆಗೆ ಇಳಿಸಿದ್ದರೆ ಈ ಗೋಳೇ ಇರುತ್ತಿರಲಿಲ್ಲ.

ಇದರ ಉಲ್ಟಾ ಕೂಡ ಆಗುತ್ತದೆ. ಡಿಎಫ್ ಪ್ರಕಾರ ಅರ್ಧ ಡಿಸ್ಕ್ ಖಾಲಿ, ಆದರೂ 'ಜಾಗ ಇಲ್ಲ' ಅನ್ನುತ್ತದೆ. ಆಗ ಐನೋಡ್ ಮುಗಿದಿರಬಹುದು. ಐನೋಡ್ ಅಂದರೆ ಫೈಲಿನ ವಿವರ ಬರೆದಿಡುವ ದಾಖಲೆ, ಪ್ರತಿ ಫೈಲಿಗೂ ಒಂದು ಬೇಕು. ಲಿನಕ್ಸಿನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ಮಿನಲ್ಲಿ ಅವುಗಳ ಸಂಖ್ಯೆ ಫಾರ್ಮ್ಯಾಟ್ ಮಾಡುವಾಗಲೇ ನಿರ್ಧಾರವಾಗುತ್ತದೆ, ಸಾಮಾನ್ಯವಾಗಿ 16 ಕಿಲೋಬೈಟ್‌ಗೆ ಒಂದರ ಲೆಕ್ಕ. ಯಾವುದೋ ವೆಬ್ ಅಪ್ಲಿಕೇಶನ್ ಸುಮ್ನೆ ಲಕ್ಷಗಟ್ಟಲೆ ಪುಟ್ಟ ಪುಟ್ಟ ಸೆಷನ್ ಫೈಲ್ ಹುಟ್ಟಿಸುತ್ತಾ ಹೋದರೆ ಜಾಗ ಇದ್ದೂ ಇಲ್ಲದ ಹಾಗೆ. ಡಿಎಫ್ ಜೊತೆ 'ಐ' ಆಯ್ಕೆ ಕೊಟ್ಟು ನೋಡಿ, ಕೆಲವೇ ಸೆಕೆಂಡಿನ ಕೆಲಸ.

ತೊಂದರೆ ಒಂದು ಕಡೆ ಕಂಡು ದೋಷ ಇನ್ನೊಂದು ಕಡೆ ಇರುವ ಈ ಆಟ ಸೈಕಲ್ ಇಟ್ಟುಕೊಂಡವರಿಗೆ ಚೆನ್ನಾಗಿ ಗೊತ್ತು. ನನಗೆ ಸೈಕಲ್ ಬಿಡಿಭಾಗಗಳ ಹುಚ್ಚಿದೆ, ಹಾಗಾಗಿ ಎರಡು ನಿಮಿಷ ಸಹಿಸಿಕೊಳ್ಳಿ. ಪೆಡಲ್ ತುಳಿದಾಗ ಕೆಳಗಡೆಯಿಂದ ಕಿರ್ ಕಿರ್ ಸದ್ದು ಬರುತ್ತದೆ. ಪೆಡಲ್ ಕೋಲುಗಳು ತಿರುಗುವ ಬೇರಿಂಗ್, ಅಂದರೆ ಬಾಟಮ್ ಬ್ರಾಕೆಟ್, ಹೋಯಿತು ಅಂತ ಎಲ್ಲರೂ ತೀರ್ಮಾನ ಮಾಡುತ್ತಾರೆ, ಹೊಸದನ್ನೂ ಹಾಕಿಸುತ್ತಾರೆ. ಸದ್ದು ಹಾಗೇ ಇರುತ್ತದೆ. ಫ್ರೇಮಿನ ಕೊಳವೆಗಳು ಸದ್ದನ್ನು ಎಲ್ಲಿಂದ ಎಲ್ಲಿಗೋ ಒಯ್ಯುತ್ತವೆ. ಮೊದಲು ಸೀಟಿನಿಂದ ಎದ್ದು ನಿಂತು ತುಳಿಯಿರಿ. ಸದ್ದು ನಿಂತರೆ ಅನುಮಾನ ಸೀಟ್ ಪೋಸ್ಟ್ ಅಥವಾ ಸೀಟಿನ ಕೆಳಗಿನ ಕ್ಲಾಂಪ್ ಮೇಲೆ. ನಿಲ್ಲದಿದ್ದರೆ ಪೆಡಲ್ ಬಿಚ್ಚಿ, ಥ್ರೆಡ್‌ಗೆ ಸ್ವಲ್ಪ ಗ್ರೀಸ್ ಹಚ್ಚಿ, ಮತ್ತೆ ಹಾಕಿ ನೋಡಿ. ಎಡಗಡೆ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ, ಬಿಚ್ಚುತ್ತೇನೆ ಅಂತ ಬಿಗಿ ಮಾಡಬೇಡಿ. ಒಂದು ಸಲಕ್ಕೆ ಒಂದೇ ಭಾಗ ಮುಟ್ಟಿ. ಸೀಟ್ ಪೋಸ್ಟ್, ಪೆಡಲ್, ಬೋಲ್ಟು ಎಲ್ಲವನ್ನೂ ಒಟ್ಟಿಗೆ ಬಿಗಿ ಮಾಡಿದರೆ ಸದ್ದು ಹೋಗಬಹುದು, ಯಾವುದರಿಂದ ಬರುತ್ತಿತ್ತು ಅಂತ ಮಾತ್ರ ಗೊತ್ತಾಗುವುದಿಲ್ಲ.

ಆಫೀಸಿನಲ್ಲಿ ಇದಕ್ಕೆ ತೀರಾ ಹತ್ತಿರದ್ದು ಗಡಿಯಾರದ ತೊಂದರೆ. ಬೆಳಗ್ಗೆ ಯಾರಿಗೂ ಲಾಗಿನ್ ಆಗುತ್ತಿಲ್ಲ. ಪಾಸ್‌ವರ್ಡ್ ಬದಲಾಯಿಸಿದರೂ ಆಗುತ್ತಿಲ್ಲ. ಆಫೀಸಿನ ಲಾಗಿನ್ ಖಾತೆಗಳನ್ನು ನೋಡಿಕೊಳ್ಳುವ ಆಕ್ಟಿವ್ ಡೈರೆಕ್ಟರಿ ಗುರುತು ಪರೀಕ್ಷಿಸಲು ಬಳಸುವ ಕೆರ್ಬೆರೋಸ್ ಪದ್ಧತಿಯಲ್ಲಿ ಎರಡು ಯಂತ್ರಗಳ ಸಮಯದ ನಡುವೆ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು, ಮೂಲ ಸೆಟ್ಟಿಂಗ್ ಹಾಗಿದೆ. ರಾತ್ರಿ ಕರೆಂಟ್ ಹೋಗಿತ್ತು. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವ, ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿತ್ತು. ಸರ್ವರ್ ಎದ್ದಾಗ ಹಳೆಯ ತಾರೀಖು ಹಿಡಿದುಕೊಂಡು ಎದ್ದಿತು. ನೆಟ್‌ವರ್ಕಿನಿಂದ ಸಮಯ ಹೊಂದಿಸುವ ಎನ್‌ಟಿಪಿ ಅದನ್ನು ಸರಿಪಡಿಸಬೇಕಿತ್ತು, ಆದರೆ ಅದಕ್ಕೆ ಬೇಕಾದ ಯುಡಿಪಿ 123ನೇ ಪೋರ್ಟನ್ನು ಯಾರೋ ಫೈರ್‌ವಾಲ್‌ನಲ್ಲಿ ಮುಚ್ಚಿದ್ದರು. ಸದ್ದು ಲಾಗಿನ್ ಪರದೆಯಲ್ಲಿ, ದೋಷ ಒಂದು ಸಣ್ಣ ಸೆಲ್ಲಿನಲ್ಲಿ. ಹೀಗಾಗಿ ಲಾಗಿನ್ ತೊಂದರೆ ಅಂದ ತಕ್ಷಣ ನಾನು ಪಾಸ್‌ವರ್ಡಿಗಿಂತ ಮೊದಲು ಸಮಯ ನೋಡುತ್ತೇನೆ. ವೆಬ್‌ಸೈಟ್ ತೆರೆಯುತ್ತಿಲ್ಲ ಅಂದರೆ ಸೈಟಿನ ಗುರುತು ಖಾತ್ರಿಪಡಿಸುವ ಸರ್ಟಿಫಿಕೇಟಿನ ಅವಧಿ, ಆಮೇಲೆ ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್.

ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವ ರೇಡ್ ಬಗ್ಗೆ ಒಂದು ಮಾತು. ರೇಡ್ 5ರಲ್ಲಿ ಒಂದು ಡಿಸ್ಕ್ ಸತ್ತರೂ ಕೆಲಸ ನಡೆಯುತ್ತದೆ. ನಡೆಯುತ್ತದೆ ಅನ್ನುವುದೇ ಅಪಾಯ, ಯಾಕೆಂದರೆ ಯಾರ ಗಮನಕ್ಕೂ ಬರುವುದಿಲ್ಲ. ಹೊಸ ಡಿಸ್ಕ್ ಹಾಕಿ ಮರುಜೋಡಣೆ ಶುರುವಾದಾಗ ಉಳಿದ ಡಿಸ್ಕುಗಳನ್ನೆಲ್ಲ ಮೂಲೆಮೂಲೆ ಓದಬೇಕಾಗುತ್ತದೆ. ಒಟ್ಟಿಗೆ ಕೊಂಡ, ಒಟ್ಟಿಗೆ ಹಳೆಯದಾದ ಡಿಸ್ಕುಗಳಲ್ಲಿ ಎರಡನೆಯದು ಕೈಕೊಡುವುದು ಆಗಲೇ. ಆದ್ದರಿಂದ ಎಚ್ಚರಿಕೆ ಮೇಲ್ ನಿಜವಾಗಿ ನಿಮಗೆ ತಲುಪುತ್ತಿದೆಯಾ ಅಂತ ಪರೀಕ್ಷಿಸಿ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ ಬದಲಿ ಸೆಕ್ಟರುಗಳ, ಅಂದರೆ ಕೆಟ್ಟ ಜಾಗಕ್ಕೆ ಬದಲಾಗಿ ಬಳಸಿದ ಜಾಗಗಳ, ಸಂಖ್ಯೆ ಏರುತ್ತಾ ಹೋದರೆ ಡಿಸ್ಕ್ ಸಾಯುವ ತನಕ ಕಾಯಬೇಡಿ. ಸೈಕಲ್ ಚೈನನ್ನೂ ಹಾಗೆಯೇ ಅಳೆದು ಬದಲಿಸುತ್ತೇವೆ, ಅಲ್ವಾ? ಹೊಸ ಚೈನಿನಲ್ಲಿ ಪಿನ್ನಿಂದ ಪಿನ್ನಿಗೆ 12.7 ಮಿಲಿಮೀಟರ್. ಅದು ಶೇಕಡಾ 0.75ರಷ್ಟು ಉದ್ದವಾಗುವ ಹೊತ್ತಿಗೆ ಬದಲಾಯಿಸದಿದ್ದರೆ ಹಿಂದಿನ ಚಕ್ರದ ಗಿಯರ್ ಗುಚ್ಛದ, ಅಂದರೆ ಕ್ಯಾಸೆಟ್ಟಿನ, ಹಲ್ಲುಗಳನ್ನೂ ತಿಂದುಹಾಕುತ್ತದೆ.

ಹಾಗಂತ ರೀಸ್ಟಾರ್ಟ್ ಮಾಡಲೇಬಾರದು ಅಂತಲ್ಲ. ಇಡೀ ಆಫೀಸು ಕೈಕಟ್ಟಿ ಕೂತಿರುವಾಗ ಸಂಶೋಧನೆ ಮಾಡುತ್ತಾ ಕೂರಲು ಯಾರೂ ಬಿಡುವುದಿಲ್ಲ. ಆದರೆ ಅದಕ್ಕೆ ಮೊದಲು ಐದು ನಿಮಿಷ ಕೇಳಿ ತೆಗೆದುಕೊಳ್ಳಿ. ಸಮಯ, ಡಿಸ್ಕ್, ಮೆಮೊರಿ, ಓಡುತ್ತಿರುವ ಪ್ರೋಸೆಸ್‌ಗಳ ಪಟ್ಟಿ, ಲಾಗಿನ ಕೊನೆಯ ಇನ್ನೂರು ಸಾಲು, ಇಷ್ಟನ್ನು ಬೇರೆ ಯಂತ್ರದಲ್ಲಿ ಒಂದು ಫೈಲಿಗೆ ಉಳಿಸಿ. ಪರದೆ ಗಟ್ಟಿಯಾಗಿ ನಿಂತುಬಿಟ್ಟಿದ್ದರೆ ಫೋನಿನಲ್ಲಿ ಫೋಟೋ ತೆಗೆದರೂ ಆಯಿತು. ಆಮೇಲೆ ಧೈರ್ಯವಾಗಿ ರೀಸ್ಟಾರ್ಟ್ ಮಾಡಿ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.