ಸ್ಲೆಂಗ್ ಟೆಂಗ್: ಕ್ಯಾಸಿಯೋ ಬಟನ್ ಒತ್ತಿದಾಗ ಹುಟ್ಟಿದ ರಿದ್ದಿಮ್

ನಮಸ್ಕಾರ ಎಲ್ರಿಗೂ. ಜಮೈಕಾದ ರೆಗೆ ಮ್ಯೂಸಿಕ್ ಬಗ್ಗೆ ಮಾತಾಡಿದಾಗೆಲ್ಲ ನೀವು ಕೇಳೋ ಪ್ರಶ್ನೆ, ಒಂದೇ ಮ್ಯೂಸಿಕ್ ಮೇಲೆ ಅಷ್ಟು ಜನ ಹಾಡಿದ್ರೆ ಅದು ಕಾಪಿ ಅಲ್ವಾ? ಅಲ್ಲ. ಡ್ರಮ್ಸು, ಬೇಸು ಸೇರಿದ ಆ ಟ್ರ್ಯಾಕಿಗೆ ಜಮೈಕಾದಲ್ಲಿ ರಿದ್ದಿಮ್ ಅಂತಾರೆ, ಒಂದೇ ಧಾಟಿಗೆ ಬೇರೆ ಬೇರೆ ಪದ ಕಟ್ಟಿ ಹಾಡ್ತಾರಲ್ಲ, ಹಂಗೆ. ಬೇಸಿಕ್ಸ್ ಇಷ್ಟು ಸಾಕು, ಇವತ್ತು ನಂಗೆ ಸ್ಲೆಂಗ್ ಟೆಂಗ್ ಅನ್ನೋ ರಿದ್ದಿಮ್ ಬಗ್ಗೆ ಹೇಳ್ಬೇಕು.

(ಇಲ್ಲಿ ಬೇಸ್ ಕ್ಲಿಪ್)

ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ವಾಟರ್‌ಹೌಸ್ ಏರಿಯಾ. ನೋಯೆಲ್ ಡೇವಿ ಅನ್ನೋ ಮ್ಯೂಸಿಷಿಯನ್ ಹತ್ರ ಒಂದು ಪುಟ್ಟ ಕೀಬೋರ್ಡ್ ಇತ್ತು, ಕ್ಯಾಸಿಯೋ ಎಂಟಿ-40. ಅವನೂ ಸಿಂಗರ್ ವೇಯ್ನ್ ಸ್ಮಿತ್ತೂ ಅದರಲ್ಲಿ ‘ರಾಕ್’ ಅನ್ನೋ ರೆಡಿಮೇಡ್ ರಿದಂ ಹಾಕಿ ನೋಡಿದ್ರೆ ಈ ಬೇಸ್ ಬಂತು! ಅದನ್ನ ಪ್ರೊಡ್ಯೂಸರ್ ಜ್ಯಾಮಿ ಹತ್ರ ತಗೊಂಡ್ಹೋದ್ರು, ಅವನು ಸ್ಪೀಡ್ ಇಳಿಸಿ, ಪಿಯಾನೋ, ಚಪ್ಪಾಳೆ ಸೇರಿಸಿದ. ‘ಅಂಡರ್ ಮಿ ಸ್ಲೆಂಗ್ ಟೆಂಗ್’ ರೆಡಿ. ಕೊಕೇನ್ ಬೇಡ, ನಂಗೆ ಗಾಂಜಾ ಸಾಕು ಅನ್ನೋ ಹಾಡು. ಅಲ್ಲೀವರೆಗೂ ಹೆಚ್ಚುಕಮ್ಮಿ ಪ್ರತಿ ರಿದ್ದಿಮ್ಮಿಗೂ ಸ್ಟುಡಿಯೋದಲ್ಲಿ ಡ್ರಮ್ಮರ್, ಬೇಸ್ ನುಡಿಸೋರು ಕೂರ್ಬೇಕಿತ್ತು, ಇಲ್ಲಿ ಬೇಸ್ ಗಿಟಾರೇ ಇಲ್ಲ.

1985ರ ಫೆಬ್ರವರಿ 23, ವಾಲ್ಥಮ್ ಪಾರ್ಕ್ ರೋಡಲ್ಲಿ ಸೌಂಡ್ ಕ್ಲ್ಯಾಷ್, ಅಂದ್ರೆ ಎರಡು ಸೌಂಡ್ ಸಿಸ್ಟಂಗಳು ಎದುರುಬದುರು ಸ್ಪೀಕರ್ ಇಟ್ಕೊಂಡು ಪೈಪೋಟಿ ಮಾಡೋದು. ಒಂದು ಕಡೆ ಜ್ಯಾಮಿಯ ಸೌಂಡ್ ಸಿಸ್ಟಂ, ಎದುರಾಳಿ ಬ್ಲ್ಯಾಕ್ ಸ್ಕಾರ್ಪಿಯೋ. ಜ್ಯಾಮಿ ಇದನ್ನ ಹಾಕಿದ, ಗೆದ್ದ. ಡ್ಯಾನ್ಸ್‌ಹಾಲ್, ಅಂದ್ರೆ ಕುಣಿಯೋಕೆ ಅಂತ ಮಾಡೋ ರೆಗೆ, ಡಿಜಿಟಲ್ ಕಡೆ ಹೊರಳಿದ್ದು ಈ ಹಾಡಿಂದಾನೇ.

ಈಗ ನನ್ನ ಫೇವರಿಟ್ ಭಾಗ, ಇಲ್ಲಿ ಸ್ವಲ್ಪ ಟೈಮ್ ತಗೋತೀನಿ. ಆ ‘ರಾಕ್’ ಬೇಸ್ ಮಾಡಿದ್ದು ಯಾರು? ಜಪಾನಿನ ಒಕುಡಾ ಹಿರೋಕೋ. 1980ರಲ್ಲಿ ಕ್ಯಾಸಿಯೋಗೆ ಸೇರಿದ ಹುಡುಗಿ, ಎಂಟಿ-40ರ ರಿದಂಗಳನ್ನ ಮಾಡೋದು ಅವರಿಗೆ ಸಿಕ್ಕ ಮೊದಲ ಕೆಲಸಗಳಲ್ಲೊಂದು. ಕೇಳಿ, ಕುನಿಟಾಚಿ ಮ್ಯೂಸಿಕ್ ಕಾಲೇಜಲ್ಲಿ ಅವರು ಥೀಸಿಸ್ ಬರೆದಿದ್ದು ರೆಗೆ ಬಗ್ಗೆನೇ! 1979ರಲ್ಲಿ ಬಾಬ್ ಮಾರ್ಲಿ ಜಪಾನಿಗೆ ಬಂದಾಗ ಕಾನ್ಸರ್ಟಿಗೂ ಹೋಗಿದ್ರು. ಆ ಬೇಸ್ ಮೇಲೆ ಬ್ರಿಟಿಷ್ ರಾಕ್ ಪ್ರಭಾವ ಇದ್ದಿರಬಹುದು ಅಂತಾರೆ ಅವ್ರು, ಆದ್ರೆ ನಂಗನ್ಸೋದು, ವರ್ಷಗಟ್ಟಲೆ ರೆಗೆ ಕೇಳಿದ ಕಿವಿ ಅದು, ಕೈ ತಾನಾಗೇ ಆ ಕಡೆ ವಾಲಿರುತ್ತೆ. ಜಮೈಕಾದ ಹಾಡು ಹಚ್ಕೊಂಡ ಹುಡುಗಿ ಟೋಕಿಯೋದಲ್ಲಿ ಕೂತು ಮಾಡಿದ ಬೇಸು ತಿರುಗಿ ಜಮೈಕಾಗೇ ಹೋಗಿ ಅಲ್ಲಿನ ಮ್ಯೂಸಿಕ್ಕನ್ನೇ ಬದಲಾಯಿಸ್ತು, ಇದನ್ನ ಯೋಚನೆ ಮಾಡಿದಾಗೆಲ್ಲ ಮೈ ಜುಂ ಅನ್ನತ್ತೆ ನಂಗೆ. ಆದ್ರೂ ರೆಕಾರ್ಡ್ ಮೇಲೆ ಅವರ ಹೆಸರಿಲ್ಲ, ಇರ್ಬೇಕಿತ್ತು.

ಟೈಮ್ ಕಮ್ಮಿ ಇದೆ, ಹಾಡಿದೋರನ್ನ ಬೇಗ ಹೇಳ್ಬಿಡ್ತೀನಿ. ಟೆನರ್ ಸಾ ಅವರ ‘ಪಂಪ್ಕಿನ್ ಬೆಲ್ಲಿ’ ಮೊದಲು ಕೇಳಿ, ಕುಂಬಳಕಾಯಿ ಹೊಟ್ಟೆಯೊಳಗೆ ನೀರು ಹೆಂಗೆ ಹೋಯ್ತು ಅನ್ನೋ ಗಾದೆ ಹಿಡ್ಕೊಂಡು ಹಾಡಿದ್ದು, ಆ ಗಂಟಲಲ್ಲಿ ಒಂಥರಾ ಅಳು ಇದೆ. 1988ರಲ್ಲೇ ಹೋಗ್ಬಿಟ್ರು. ಜಾನಿ ಓಸ್ಬೋರ್ನ್ ಅವರ ‘ಬಡ್ಡಿ ಬೈ’, ಜಾನ್ ವೇಯ್ನ್ (ಹಾಲಿವುಡ್ ನಟ ಅಲ್ಲ) ಅವರ ‘ಕಾಲ್ ದ ಪೊಲೀಸ್’, ಎಲ್ಲಾ ಅದೇ ಬೇಸ್ ಮೇಲೆ, ಒಂದಕ್ಕೊಂದು ಹೋಲಿಕೆನೇ ಇಲ್ಲ. ಹಿಂಗೇ ನೂರಾರು ವರ್ಷನ್ ಇವೆ. ವೇಯ್ನ್ ಸ್ಮಿತ್ 2014ರಲ್ಲಿ ತೀರ್ಕೊಂಡ್ರು.

ಮೊದಲು ಒರಿಜಿನಲ್, ಆಮೇಲೆ ‘ಪಂಪ್ಕಿನ್ ಬೆಲ್ಲಿ’, ಹೆಡ್‌ಫೋನ್ ಹಾಕ್ಕೊಂಡೇ ಕೇಳಿ, ಫೋನ್ ಸ್ಪೀಕರಲ್ಲಿ ಆ ಬೇಸ್ ಬರಲ್ಲ.