ಅಕ್ಷರಗುಂಡಿನಿಂದ ಬಳೆಗಾರ ಗುಂಡಿಗೆ

ನಮಸ್ಕಾರ. ಈಗ ನಿಮ್ಮ ಮುಂದಿರುವುದು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆ. ಬೆಳಕು ಓರೆಯಾಗಿ ಬೀಳುವ ಹೊತ್ತಿಗೇ ಇಲ್ಲಿರಬೇಕೆಂದು ಬೆಳಗಿನ ಜಾವವೇ ಹೊರಟು ಬಂದೆ. ನೆತ್ತಿಯ ಬಿಸಿಲಿನ ಹೊತ್ತಿಗೆ ಕೊರೆದ ಗೆರೆಗಳೂ ಕಲ್ಲಿನ ಸಹಜವಾದ ಗೀರುಗಳೂ ಒಂದಾಗಿಬಿಡುತ್ತವೆ. ಕಲ್ಲಿನ ಮೇಲಿರುವುದು 13 ಸಾಲುಗಳ ಬರಹ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ, ಕಾಲ ಕ್ರಿ. ಪೂ. 3ನೆಯ ಶತಮಾನ, ಮಾತು ಮೌರ್ಯ ಚಕ್ರವರ್ತಿ ಅಶೋಕನದು.

ಪ್ರಾಚೀನ ಭಾರತದ ನಾಗರಿಕತೆ ಎಂದ ಕೂಡಲೇ ಮೊಹೆಂಜೊದಾರೊ, ಧೋಲಾವೀರಾ, ಸಾಂಚಿ ಎಂಬ ದೂರದ ಹೆಸರುಗಳೇ ನಮ್ಮ ನಾಲಿಗೆಗೆ ಬರುತ್ತವೆ. ಆದರೆ ಈ ಬಂಡೆಯ ಸುತ್ತಲಿನ ನಾಲ್ಕಾರು ಕಿಲೋಮೀಟರ್ ನೆಲದಲ್ಲಿಯೇ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಕಡೆ ಅಶೋಕನ ಶಾಸನಗಳಿವೆ. ಇವುಗಳನ್ನು ವಿದ್ವತ್ ಲೋಕದ ಗಮನಕ್ಕೆ ತಂದವರು ಮೈಸೂರು ಸಂಸ್ಥಾನದಲ್ಲಿ ಶಾಸನಗಳನ್ನು ಸಂಗ್ರಹಿಸುತ್ತಿದ್ದ ಬಿ. ಎಲ್. ರೈಸ್, ವರ್ಷ 1892. ಅದಕ್ಕೂ ಅರ್ಧ ಶತಮಾನದ ಹಿಂದೆ, 1837ರ ಸುಮಾರಿಗೆ, ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯ ಗಂಟನ್ನು ಬಿಡಿಸಿದ್ದರಿಂದಲೇ ರೈಸ್ ಅವರಿಗೆ ಇದು ಓದಲು ದಕ್ಕಿತು.

ಹಾಗಾದರೆ ಓದುವವರೇ ಇಲ್ಲದ ಅಷ್ಟೂ ಶತಮಾನಗಳ ಕಾಲ ಈ ಬಂಡೆಯನ್ನು ಕಾಪಾಡಿದ್ದು ಯಾರು? ಊರವರು ಇದನ್ನು ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಇದಕ್ಕೆ ರೋಗ ವಾಸಿಮಾಡುವ ಗುಣವಿದೆಯೆಂದು ನಂಬಿದ್ದರು. ಒಂದಕ್ಷರವೂ ಬಿಡಿಸಲಾಗದಿದ್ದರೂ ಇದು ಅಕ್ಷರವೇ ಎಂಬ ಅರಿವನ್ನು ಮಾತ್ರ ಅವರು ಕೈಬಿಡಲಿಲ್ಲ. ನನ್ನ ಮಟ್ಟಿಗೆ ಈ ಇಡೀ ಪ್ರಯಾಣದಲ್ಲಿ ಸಿಕ್ಕ ದೊಡ್ಡ ಸಂಗತಿ ಅದೇ. ಸಿದ್ದಾಪುರದ ಶಾಸನಕ್ಕಾದರೋ ಎಮ್ಮೆ ತಮ್ಮನ ಗುಂಡು ಎಂಬ ಹೆಸರು ಅಂಟಿಕೊಂಡಿತು. ಚಕ್ರವರ್ತಿಯ ಬಂಡೆ ಎಮ್ಮೆ ಕಾಯುವವನ ಪಾಲಾಯಿತು.

ಇನ್ನು ಶಾಸನದೊಳಗಿನ ಮಾತು. ಅಶೋಕನ ಬೇರೆ ಲಘು ಶಿಲಾಶಾಸನಗಳಲ್ಲಿ ಸಾಮಾನ್ಯವಾಗಿ ಅರಸನ ನುಡಿ ನೇರವಾಗಿ ಶುರುವಾಗುತ್ತದೆ. ಇಲ್ಲಿ ಹಾಗಲ್ಲ. ಮೌರ್ಯರ ಪ್ರಾಂತೀಯ ರಾಜಧಾನಿಯಾದ ಸುವರ್ಣಗಿರಿಯಿಂದ ರಾಜಕುಮಾರನೂ ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳೂ ಕೊಟ್ಟ ಅಪ್ಪಣೆಯಂತೆ ಇಸಿಲ ಎಂಬ ಊರಿನ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಬೇಕು, ಆಮೇಲೆ ಈ ಮಾತನ್ನು ತಿಳಿಸಬೇಕು ಎಂದು ಮೊದಲಿಗೆ ಬರೆದಿದೆ. ಅಂದರೆ ಅರಸನ ಆಜ್ಞೆಯ ಜೊತೆಗೆ ಕಚೇರಿಯಿಂದ ಕಚೇರಿಗೆ ಹೋದ ಮೇಲೋಲೆಯೂ, ಅದರ ಕ್ಷೇಮಸಮಾಚಾರದ ಸಮೇತ, ಕಲ್ಲಿಗೇರಿಬಿಟ್ಟಿದೆ. ಕೆತ್ತಿಸಿದವರು ಅತಿ ನಿಷ್ಠೆಯಿಂದ ಹಾಗೆ ಮಾಡಿದರೋ, ಯಾವುದನ್ನು ಬಿಡಬೇಕೆಂದು ತೋಚದೆ ಮಾಡಿದರೋ, ನಮಗಂತೂ ಅದರಿಂದ ಲಾಭವೇ ಆಯಿತು. ಈ ಸೀಮೆಯ ಆಡಳಿತ ಹೇಗೆ ನಡೆಯುತ್ತಿತ್ತು ಎಂಬುದು ಆ ಒಂದೆರಡು ಸಾಲುಗಳಲ್ಲಿ ಹೊಳೆಯುತ್ತದೆ.

ಮುಂದೆ ಅಶೋಕ ತನ್ನ ವಿಷಯ ಹೇಳಿಕೊಳ್ಳುತ್ತಾನೆ. ಎರಡೂವರೆ ವರ್ಷಕ್ಕೂ ಮಿಗಿಲಾಗಿ ತಾನು ಉಪಾಸಕನಾಗಿದ್ದರೂ, ಅಂದರೆ ಬುದ್ಧನ ಗೃಹಸ್ಥ ಅನುಯಾಯಿಯಾಗಿದ್ದರೂ, ಮೊದಲ ಒಂದು ವರ್ಷ ಹೆಚ್ಚಿನ ಪ್ರಯತ್ನವನ್ನೇನೂ ಮಾಡಲಿಲ್ಲವೆಂದು ಒಪ್ಪಿಕೊಳ್ಳುವ ಆ ಮಾತು, ಬಿರುದಾವಳಿಗಳೇ ತುಂಬಿದ ನಮ್ಮ ನಂತರದ ರಾಜಶಾಸನಗಳನ್ನು ಓದಿದವರಿಗೆ ವಿಚಿತ್ರವಾಗಿ ಕೇಳಿಸುತ್ತದೆ. ಬಳಿಕ ತಂದೆತಾಯಿಯರ ಸೇವೆ ಮಾಡಬೇಕು, ಪ್ರಾಣಿಗಳ ಮೇಲೆ ಕರುಣೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಉಪದೇಶ ಬರುತ್ತದೆ. ಅದರ ಕೊನೆಗೊಂದು ಮಾತಿದೆ: ಪೋರಾಣಾ ಪಕಿತೀ. ಪುರಾತನ ಪ್ರಕೃತಿ, ಹಿಂದಿನಿಂದ ಬಂದ ನಡೆ ಎಂದರ್ಥ. ನಾವು ಯಾರನ್ನು ಪ್ರಾಚೀನ ಎನ್ನುತ್ತೇವೆಯೋ ಅವನೇ ತನಗಿಂತ ಹಿಂದಿನ ಪ್ರಾಚೀನರ ಕಡೆ ಕೈ ತೋರಿಸುತ್ತಿದ್ದಾನೆ.

ಈಗ ಕ್ಯಾಮೆರಾವನ್ನು ಅಕ್ಷರಗಳ ಹತ್ತಿರಕ್ಕೆ ತಂದಿದ್ದೇನೆ. ಗಣಿತದ ಕೂಡುವ ಚಿಹ್ನೆಯಂತೆ ಕಾಣುವುದು ಬ್ರಾಹ್ಮಿಯ ಕ. ಅದರ ಗೆರೆಗಳು ಕದಂಬರ ಕಾಲಕ್ಕೆ ಬಾಗಿ, ತಲೆಕಟ್ಟು ಪಡೆದು, ನಾವು ಇಂದು ಬರೆಯುವ ಕ ಆಗುವ ತನಕದ ದಾರಿಯನ್ನು ಶಾಸನದಿಂದ ಶಾಸನಕ್ಕೆ ಗುರುತಿಸಬಹುದು. ಇದಕ್ಕೆ ಹೋಲಿಸಿದರೆ ಠ ಹಟಮಾರಿ ಅಕ್ಷರ. ಬ್ರಾಹ್ಮಿಯಲ್ಲಿ ಅದು ಬರಿಯ ಒಂದು ವೃತ್ತ, ಇಂದಿಗೂ ನಾವು ಬರೆಯುವ ಠ ಆ ದುಂಡನ್ನು ಬಿಟ್ಟಿಲ್ಲ. ಒಂದನೆಯ ತರಗತಿಯ ಮಗು ಸ್ಲೇಟಿನ ಮೇಲೆ ತಿದ್ದುವುದು ಇದೇ ಲಿಪಿಯ ಮರಿಮಕ್ಕಳನ್ನು.

ಬರೆದವನ ಹೆಸರೂ ಇಲ್ಲಿದೆ: ಚಪಡ. ಲಿಪಿಕಾರನಾದ ಚಪಡನು ಬರೆದನು ಎಂದು ಮುಗಿಸುವಾಗ ಆತ ಲಿಪಿಕರೇಣ ಎಂಬ ಒಂದು ಪದವನ್ನು ಮಾತ್ರ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ, ಅಂದರೆ ವಾಯವ್ಯ ಭಾರತದ ಲಿಪಿ; ಇಲ್ಲಿ ಅದನ್ನು ಓದಬಲ್ಲವರು ಎಷ್ಟು ಜನರಿದ್ದಿರಬಹುದು? ಆ ಐದು ಅಕ್ಷರಗಳು ಸ್ವಲ್ಪ ಜಂಬದಿಂದ ಬಂದವೆಂದೇ ನನಗನಿಸುತ್ತದೆ.

ಶಾಸನದ ಇಸಿಲ ಎಂಬ ಊರಿನ ಹೆಸರು ಬಾಣ ಬಿಡುವುದನ್ನು ಹೇಳುವ ಕನ್ನಡ ಧಾತುವಿನಿಂದ ಬಂದದ್ದೆಂದು ಕನ್ನಡ ವಿದ್ವಾಂಸ ಡಿ. ಎಲ್. ನರಸಿಂಹಾಚಾರ್ ವಾದಿಸಿದ್ದಾರೆ. ಆ ಊರು ಇದೇ ಬೆಟ್ಟದ ಬುಡದಲ್ಲಿತ್ತೆಂಬುದು ಸಾಮಾನ್ಯವಾದ ಅಭಿಪ್ರಾಯ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ನಡೆಸಿದಾಗ ನಯಗೊಳಿಸಿದ ಕಲ್ಗೊಡಲಿಗಳ ಕಾಲದಿಂದ ಸಾತವಾಹನರ ಕಾಲದವರೆಗಿನ ಬದುಕು ಪದರಪದರವಾಗಿ ಕಾಣಿಸಿತು. ಸುತ್ತಮುತ್ತ ಬೃಹತ್ ಶಿಲಾಯುಗದ ಕಲ್ಗೋರಿಗಳೂ ಇವೆ. ನಾಲ್ಕು ಚಪ್ಪಡಿ ನಿಲ್ಲಿಸಿ, ಒಂದರಲ್ಲಿ ದುಂಡನೆಯ ಕಿಂಡಿ ಕೊರೆದ ಗೋರಿಗಳು. ಕರ್ನಾಟಕದ ಹಲವೆಡೆ ಜನರು ಇಂಥವನ್ನು ಮೊರ್ಯರ ಮನೆ ಎಂದು ಕರೆದು, ಕುಳ್ಳರು ವಾಸವಿದ್ದ ಮನೆಗಳೆಂದು ಕಥೆ ಹೇಳುತ್ತಾರೆ. ಹೆಸರು ಕೇಳಿ ಮೌರ್ಯರಿಗೆ ಗಂಟುಹಾಕುವ ಆಸೆ ಹುಟ್ಟುವುದು ಸಹಜ, ಆದರೆ ಈ ಬಗೆಯ ಗೋರಿಗಳ ರೂಢಿ ಅಶೋಕನಿಗಿಂತ ಹಿಂದೆಯೇ ಆರಂಭವಾಗಿತ್ತು.

ಕೊನೆಯದಾಗಿ ಜಟಿಂಗ ರಾಮೇಶ್ವರದ ಬೆಟ್ಟ. ರಾವಣನೊಂದಿಗೆ ಕಾದಾಡಿ ಜಟಾಯು ಬಿದ್ದ ಜಾಗ ಇದೆಂದು ಸ್ಥಳಪುರಾಣ ಹೇಳುತ್ತದೆ. ಮೂರು ಶಾಸನಗಳಲ್ಲಿ ಹೆಚ್ಚು ಸವೆದಿರುವುದು ಇಲ್ಲಿಯದೇ, ಮತ್ತು ಅದಕ್ಕೆ ಕಾರಣ ಮಳೆಗಾಳಿ ಮಾತ್ರವಲ್ಲ. ಜಾತ್ರೆಗೆ ಬರುತ್ತಿದ್ದ ಬಳೆಗಾರರು ಈ ಹಾಸುಬಂಡೆಯ ಮೇಲೆಯೇ ಮಲಾರ ಬಿಚ್ಚಿ ಕೂರುತ್ತಿದ್ದರು. ಬಿಸಿಲಿಗೆ ಚಪ್ಪರ ಹಾಕಲು ಬರಹದ ನಡುವೆಯೇ ಕಂಬದ ಕುಳಿಗಳನ್ನು ಕೊರೆದರು. ಬಂಡೆಯ ಹೆಸರೇ ಬಳೆಗಾರ ಗುಂಡು. ಇದನ್ನು ಅಜ್ಞಾನದ ಕೆಲಸವೆಂದು ಬೈಯುವವರಿದ್ದಾರೆ. ನನಗೆ ಬೈಯಲು ಬಾಯಿ ಬರಲಿಲ್ಲ. ಜನ ಸೇರುವ ಕಡೆ ನೋಡಿಯೇ ಅಶೋಕನ ಅಧಿಕಾರಿಗಳು ಶಾಸನ ಬರೆಸಿದ್ದರೆ, ಬಳೆಗಾರರೂ ಜನ ಸೇರುವ ಕಡೆ ನೋಡಿಯೇ ಚಪ್ಪರ ಹಾಕಿದರು.

ಈ ಚಿತ್ರಿಕೆಯ ಎಡಗಡೆ ಗಮನಿಸಿ: ಕುಳಿಯಲ್ಲಿ ನಿನ್ನೆಯ ಮಳೆಯ ನೀರು ನಿಂತಿದೆ, ಅದರ ಅಂಚಿಗೆ ಮುಟ್ಟಿಕೊಂಡಂತೆ ಒಂದು ಅಕ್ಷರ ಅರ್ಧಕ್ಕೆ ಉಳಿದಿದೆ.