ಆಚೆ ನಿಂತ ಅಕ್ಷರ

ಮಾನ್ಯ ಅಧ್ಯಕ್ಷರೇ, ಸ್ಪ್ಯಾನಿಶ್ ಕಲಿಯುತ್ತಿರುವ ಗೆಳೆಯರೇ,

ಸ್ಪ್ಯಾನಿಶ್ ಭಾಷೆಯ ಬಂಧುವಾಚಕ ಪದಗಳೆಲ್ಲವನ್ನೂ ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಿದ್ದರು. ಅಜ್ಜ, ಅಜ್ಜಿ, ಸೋದರತ್ತೆ, ಷಡ್ಡಕ ಎಂದು ಪಟ್ಟಿ ಓದುವುದಕ್ಕೆ ನಾನು ಬೇಕಾಗಿಲ್ಲ, ಅದು ನಿಮ್ಮ ಪಠ್ಯಪುಸ್ತಕದಲ್ಲಿದೆ. ಆದ್ದರಿಂದ ಒಂದೇ ಒಂದು ಪದವನ್ನು ಹಿಡಿದುಕೊಂಡು ಬಂದಿದ್ದೇನೆ. ಎಚ್, ಐ, ಜೆ, ಓ ಎಂದು ಬರೆದು ‘ಈಹೊ’ ಎಂದು ಓದುವ, ಮಗ ಎಂಬ ಅರ್ಥದ ಪದ ಅದು. ಕೊನೆಯಲ್ಲಿ ಓ ಬದಲು ಎ ಬಂದರೆ ‘ಈಹ’, ಅಂದರೆ ಮಗಳು.

ಮೊದಲ ದಿನ ತರಗತಿಯಲ್ಲಿ ಇದನ್ನು ‘ಹಿಜೊ’ ಎಂದು ಓದದವರನ್ನು ನಾನು ಕಂಡಿಲ್ಲ. ಅದು ನಮ್ಮ ಇಂಗ್ಲಿಷ್ ಅಭ್ಯಾಸದ ಫಲ. ಸ್ಪ್ಯಾನಿಶರು ಎಚ್ ಅಕ್ಷರವನ್ನು ‘ಆಚೆ’ ಎಂದೂ ಜೆ ಅಕ್ಷರವನ್ನು ‘ಹೋತ’ ಎಂದೂ ಕರೆಯುತ್ತಾರೆ. ಕನ್ನಡಿಗರಿಗೆ ನೆನಪಿಟ್ಟುಕೊಳ್ಳಲು ಇದಕ್ಕಿಂತ ಸುಲಭದ ದಾರಿ ಬೇರೆ ಬೇಕೆ? ಎಚ್ ಸದಾ ಬಾಗಿಲಿನ ಆಚೆ ನಿಂತಿರುತ್ತದೆ, ಹೋತ ಮಾತ್ರ ಒಳಗೆ ನುಗ್ಗಿ ಸದ್ದು ಮಾಡುತ್ತದೆ. ಆ ಸದ್ದು ಎಲ್ಲ ಕಡೆಯೂ ಒಂದೇ ಅಲ್ಲ. ಸ್ಪೇನಿನ ಉತ್ತರ ಭಾಗದವರು ಅದನ್ನು ಗಂಟಲಿನ ಆಳದಿಂದ, ಉರ್ದು ಬಲ್ಲವರು ‘ಖಬರ್’ ಎನ್ನುವಾಗಿನ ಖಕಾರದಂತೆ ಉಜ್ಜಿ ನುಡಿದರೆ, ದಕ್ಷಿಣದ ಆಂದಲೂಸಿಯಾದವರಿಗೂ ಕ್ಯೂಬಾದವರಿಗೂ ನಮ್ಮ ಮೆತ್ತನೆಯ ಹಕಾರವೇ ಸಾಕು. ಸ್ಪ್ಯಾನಿಶರು ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಆಳಿದ ಫಿಲಿಪೀನ್ಸಿನಲ್ಲಿ ಹಿರಿಯರು ಕಿರಿಯರನ್ನು ಇಂದಿಗೂ ಇದೇ ಪದದಿಂದ ಕರೆಯುತ್ತಾರೆ. ಆದರೆ ಅವರು ಕಿವಿಗೆ ಕೇಳಿದಂತೆ ಬರೆದುಕೊಂಡು, ಆಚೆ ನಿಂತಿದ್ದ ಎಚ್ಚನ್ನು ಕೈಬಿಟ್ಟು, ಜೆ ಇದ್ದ ಜಾಗದಲ್ಲಿ ಎಚ್ಚನ್ನೇ ಕೂರಿಸಿದ್ದಾರೆ.

ಹಾಗಾದರೆ ಮೂಲದಲ್ಲಿ ಆ ಎಚ್ ದಂಡಕ್ಕೆ ಇದೆಯೇ? ನನ್ನ ತಕರಾರು ಇರುವುದು ಇಲ್ಲಿಯೇ. ಲ್ಯಾಟಿನ್ನಿನಲ್ಲಿ ಮಗನಿಗೆ ‘ಫೀಲಿಯುಸ್’ ಎನ್ನುತ್ತಿದ್ದರು. ಹಳೆಯ ಸ್ಪ್ಯಾನಿಶಿನಲ್ಲಿ ಅದನ್ನು ಎಫ್‌ನಿಂದಲೇ ಬರೆಯುತ್ತಿದ್ದರು, ಆ ಫಕಾರ ಸವೆದು ಹಕಾರವಾಯಿತು, ಹಕಾರವೂ ಸವೆದು ಬರಿಯ ಉಸಿರಾಗಿ ಕಡೆಗೆ ಮಾಯವಾಯಿತು. ಹಿಟ್ಟಿನ ‘ಫರೀನ’ ‘ಅರೀನ’ವಾದದ್ದೂ ಹೀಗೆಯೇ. ಇದನ್ನು ಕೇಳಿ ಬೆರಗಾಗಬೇಕಾದವರು ನಾವಲ್ಲ. ಹತ್ತನೆಯ ಶತಮಾನದ ಪಂಪನ ಕನ್ನಡದ ಪಾಲ್ ನಮಗೆ ಹಾಲಾಗಿದೆ, ಮಂಡ್ಯದ ಕಡೆಯ ಹಳ್ಳಿಯ ಬಾಯಲ್ಲಿ ಆಲೂ ಆಗಿದೆ. ಪಕಾರ, ಹಕಾರ, ಏನೂ ಇಲ್ಲ. ಫಕಾರ, ಹಕಾರ, ಏನೂ ಇಲ್ಲ. ಸಂಬಂಧವೇ ಇಲ್ಲದ ಎರಡು ಭಾಷೆಗಳು ಒಂದೇ ಇಳಿಜಾರಿನಲ್ಲಿ ಜಾರಿವೆ.

ನಾವು ‘ಆಲು’ ಎಂದವನನ್ನು ನೋಡಿ ನಗುತ್ತೇವೆ. ನೆಬ್ರಿಹ ಎಂಬ ವಿದ್ವಾಂಸ ಕಾಸ್ತೀಲ್ ಸೀಮೆಯ ಕಾಸ್ತೀಲಿಯನ್ ಭಾಷೆಗೆ, ಅಂದರೆ ನಾವು ಸ್ಪ್ಯಾನಿಶ್ ಎನ್ನುವ ಭಾಷೆಗೆ, ವ್ಯಾಕರಣ ಬರೆದ 1492ರಲ್ಲಿ ಸ್ಪೇನಿನಲ್ಲಿಯೂ ಹಕಾರ ನುಡಿಯುವುದೇ ಶಿಷ್ಟವಾಗಿತ್ತು, ಅದನ್ನು ನುಂಗುತ್ತಿದ್ದವರು ಉತ್ತರದವರು. 1561ರಲ್ಲಿ ರಾಜಧಾನಿ ಮದ್ರಿದ್‌ಗೆ ಬಂತು, ಉತ್ತರದ ಜನ ಅಲ್ಲಿ ತುಂಬಿಕೊಂಡರು, ನೋಡನೋಡುತ್ತಿದ್ದಂತೆ ಹಕಾರ ನುಂಗಿದ ಮಾತೇ ಆಸ್ಥಾನದ ಮಾತಾಯಿತು. ನಮ್ಮ ರಾಜಧಾನಿ ಮಂಡ್ಯವಾಗಿದ್ದರೆ ಈ ಹೊತ್ತು ನಾನು ಆಲು, ಅಣ್ಣು ಎಂದೇ ಉಪನ್ಯಾಸ ಮಾಡುತ್ತಿದ್ದೆ, ನೀವೂ ಗಂಭೀರವಾಗಿ ಬರೆದುಕೊಳ್ಳುತ್ತಿದ್ದಿರಿ.

ಕಿವಿಗೆ ಆ ಎಚ್ ಇಲ್ಲವೇ ಇಲ್ಲ ಎನ್ನುವುದಕ್ಕೆ ವ್ಯಾಕರಣದಲ್ಲಿಯೇ ಸಾಕ್ಷಿಯಿದೆ. ‘ಮತ್ತು’ ಎಂಬುದಕ್ಕೆ ಸ್ಪ್ಯಾನಿಶಿನಲ್ಲಿ ‘ಇ’ ಎನ್ನಬೇಕು. ಆದರೆ ತಂದೆ ಮತ್ತು ಮಗ ಎನ್ನುವಾಗ ಎರಡು ಇಕಾರಗಳು ಡಿಕ್ಕಿ ಹೊಡೆಯುವುದರಿಂದ ‘ಪಾದ್ರೆ ಎ ಈಹೊ’ ಎನ್ನುತ್ತಾರೆ. ಕಣ್ಣಿಗೆ ಮಾತ್ರ ಅದು ಬೇಕು, ಏಕೆಂದರೆ ಅಲ್ಲಿ ಹಿಂದೆ ಒಂದು ಫಕಾರವಿತ್ತೆಂದು ಅದು ಗುರುತು ಹೇಳುತ್ತದೆ. ಎಚ್ ದಂಡಕ್ಕಿಲ್ಲ.

ಇನ್ನು ಹೋತದ ವಿಷಯ. ಲ್ಯಾಟಿನ್ನಿನ ‘ಲಿಯ’ ಎಂಬ ಸದ್ದು ಕಾಸ್ತೀಲಿನಲ್ಲಿ ಮೊದಲು ಜಕಾರದಂತಾಗಿ, ಆಮೇಲೆ ಶಕಾರವಾಗಿ, ಹದಿನೇಳನೆಯ ಶತಮಾನದ ಹೊತ್ತಿಗೆ ಗಂಟಲಿಗೆ ಇಳಿಯಿತು. ಇದು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ. ಮೆಕ್ಸಿಕೊದ ಒಂದು ಸಂತೆಯಲ್ಲಿ ಪಪಾಯ ಹೋಳು ಮಾಡಿ, ಮೇಲೆ ಕಾರದ ಪುಡಿ ಉದುರಿಸಿ ಮಾರುತ್ತಿದ್ದ ಅಜ್ಜಿಯೊಬ್ಬರು ನನ್ನನ್ನು ‘ಮೀಹೊ’ ಎಂದು ಕರೆದರು. ಕೋಣೆಗೆ ಬಂದು ಕಿಸೆ ನಿಘಂಟು ತೆಗೆದರೆ, ಮೀಹೊ ಎಂದರೆ ಒಂದು ಸಿರಿಧಾನ್ಯ, ನಮ್ಮ ಬರಗು. ಆಗ ನಾನು ಬಹಳ ತೆಳ್ಳಗಿದ್ದೆ, ಆದ್ದರಿಂದ ಅಜ್ಜಿ ಅಣಕಿಸಿದರೆಂದು ಬೇಸರಿಸಿಕೊಂಡು ಎರಡು ದಿನ ಆ ದಾರಿಯನ್ನೇ ತುಳಿಯಲಿಲ್ಲ. ಮೂರನೆಯ ದಿನ ಮನೆಯೊಡತಿಗೆ ಹೇಳಿಕೊಂಡಾಗ ಅವರು ಕುರ್ಚಿ ಹಿಡಿದುಕೊಂಡು ನಕ್ಕರು. ‘ಮಿ’ ಎಂದರೆ ನನ್ನ. ಮಿ ಈಹೊ ಎಂಬುದು ಸಂಧಿಯಾಗಿ ಮೀಹೊ. ನಮ್ಮ ಅಂಗಡಿಯ ಅಜ್ಜಿಯರು ‘ಏನ್ ಬೇಕು ಮಗಾ’ ಎನ್ನುವುದಿಲ್ಲವೇ, ಹಾಗೆ. ಸ್ವಾರಸ್ಯವೆಂದರೆ ಬರಗಿನ ಮೀಹೊ ಬಂದದ್ದು ‘ಮಿಲಿಯುಮ್’ ಎಂಬ ಲ್ಯಾಟಿನ್ ಪದದಿಂದ, ಅಲ್ಲಿಯೂ ಅದೇ ‘ಲಿಯ’ವೇ ಹೋತವಾಗಿದೆ. ಮರುದಿನ ಹೋಗಿ ಎರಡು ಪಾಲು ಪಪಾಯ ತಿಂದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಉಳಿದದ್ದನ್ನು ಓಡಿಸುತ್ತೇನೆ. ಬಹುವಚನ ‘ಈಹೊಸ್’ ಎಂದರೆ ಗಂಡುಮಕ್ಕಳೂ ಹೌದು, ಮಕ್ಕಳೂ ಹೌದು; ಮೂವರು ಹೆಣ್ಣುಮಕ್ಕಳ ಜೊತೆಗೆ ಒಬ್ಬ ಗಂಡು ಹುಟ್ಟಿದರೆ ಸಾಕು, ಈಹಸ್ ಹೋಗಿ ಈಹೊಸ್ ಬರುತ್ತದೆ. ‘ಇದಾಲ್ಗೊ’, ಅಂದರೆ ಕುಲೀನ, ಬಂದದ್ದು ‘ಏನೋ ಒಂದು ಉಳ್ಳವನ ಮಗ’ ಎಂಬ ನುಡಿಗಟ್ಟಿನಿಂದ.

ಕೊನೆಯದು ಮನೆತನದ ಹೆಸರು. ಫೆರ್ನಾಂದೊನ ಮಗ ಫೆರ್ನಾಂದೆಸ್; ಅವನ ಫಕಾರವೂ ಜಾರಿದರೆ ಎರ್ನಾಂದೆಸ್. ಸ್ಪ್ಯಾನಿಶಿನಲ್ಲಿ ಎರಡೂ ಉಂಟು. ಪೋರ್ಚುಗೀಸರು ಫಕಾರವನ್ನು ಬಿಡಲಿಲ್ಲ, ಅವರಲ್ಲಿ ಮಗ ಇಂದಿಗೂ ‘ಫಿಲ್ಯು’. ಸಭೆಯಲ್ಲಿ ಮಂಗಳೂರಿನ ಫೆರ್ನಾಂಡಿಸರು ಯಾರಾದರೂ ಇದ್ದರೆ, ಅವರ ಹೆಸರು ಗೋವೆಯ ದಾರಿಯಾಗಿ ಬಂದದ್ದು. ಮೆಕ್ಸಿಕೊದ ದಾರಿಯಾಗಿ ಬಂದಿದ್ದರೆ ಈ ಹೊತ್ತು ಅವರ ಮನೆ ಬಾಗಿಲಿನ ಫಲಕದ ಮೇಲೂ ಒಂದು ಎಚ್ ಸುಮ್ಮನೆ ನಿಂತಿರಬಹುದಿತ್ತು.